ಪ್ಲೈವುಡ್ ಗುಡಿಯ ಹೊಸ್ತಿಲು

“ನನಗೇನೂ ಇಲ್ಲ ಬಿಡ್ರಿ ಮ್ಯಾನೇಜರ್ ಸಾಬ್ರ. ಆದ್ರ ಅದಕ್ಕ ನಮ್ಮ ಪೂಜಾರಿ ಕೈಲೆ ಆರತಿ ಆಗೇತಿ. ಆರತಿ ಆದ ಮ್ಯಾಲ ಅದು ಪ್ಲೈವುಡ್ ಅಲ್ಲ, ಗುಡಿ” ಅಂದರು ಗಂಗಾಧರಪ್ಪ ಗೌಡರು.

ಹಾಗೆ ಅನ್ನುವಾಗ ಗೌಡರು ನಮ್ಮ ಕಡೆ ನೋಡಲಿಲ್ಲ. ನಾವು ಕಾಲೋನಿಯ ಒಂದಿಪ್ಪತ್ತು ಮಂದಿ ಅಲ್ಲೇ ಕೆರೆ ಏರಿಯ ಕೆಳಗೆ, ಹರಿದ ಬಟ್ಟೆ ಉಟ್ಟು, ಮುಖಕ್ಕೆ ಮಸಿ ಬಳಿಸಿಕೊಂಡು ಕುಂತಿದ್ದೆವು. ಬಟ್ಟೆಯೂ ನಮ್ಮದಲ್ಲ, ಮಸಿಯೂ ನಮ್ಮದಲ್ಲ. ಎರಡೂ ಹೈದರಾಬಾದಿನಿಂದ ಲಾರಿಯಲ್ಲಿ ಬಂದಿದ್ದವು.

ಸಿನಿಮಾದ ಕಥೆ ಒಳ್ಳೆಯದೇ. ನಮ್ಮಂಥ ಕೇರಿಯಲ್ಲಿ ಹುಟ್ಟಿದ ಒಬ್ಬ ಹುಡುಗ ತನ್ನ ತಾಯಿಯ ಕೈ ಹಿಡಿದು, ಕೇರಿಯವರನ್ನೆಲ್ಲ ಬೆನ್ನಿಗೆ ಕಟ್ಟಿಕೊಂಡು, ಅಡ್ಡ ನಿಂತ ಊರವರನ್ನು ತಳ್ಳಿ ಗುಡಿಯೊಳಗೆ ಹೋಗುತ್ತಾನೆ. ಮೊದಲ ದಿನ ಡೈರೆಕ್ಟರು ನಮ್ಮನ್ನೆಲ್ಲ ಕೂರಿಸಿಕೊಂಡು ತೆಲುಗಿನಲ್ಲಿ ಈ ಕಥೆ ಹೇಳಿದರು. ಹೇಳುತ್ತ ಹೇಳುತ್ತ ಅವರ ಕಣ್ಣಲ್ಲಿ ನೀರು ಬಂತು. ನಮಗೆ ಬರಲಿಲ್ಲ. ಆ ಕಥೆ ನಮಗೆ ಗೊತ್ತಿತ್ತು, ಕೊನೆಯ ಭಾಗ ಒಂದು ಬಿಟ್ಟು. ಆದರೂ ಚಪ್ಪಾಳೆ ತಟ್ಟಿದೆವು. ಪಾಪ, ಅಷ್ಟು ದೂರದಿಂದ ಬಂದಿದ್ದರು.

ನಾನು ಓಬುಲೇಶ. ಕಣೇಕಲ್ಲಿಗೂ ನಮ್ಮೂರಿಗೂ ಆಟೋ ಓಡಿಸುತ್ತೇನೆ. ಕಾಲೋನಿಯ ಮಂದಿಯನ್ನು ಶೂಟಿಂಗಿಗೆ ಕರೆದುಕೊಂಡು ಬರುವ ಕೆಲಸ ನನಗೆ ಬಿದ್ದಿತ್ತು. ಬಂದಮೇಲೆ ನನಗೂ ಮಸಿ ಹಚ್ಚಿ ಕೂರಿಸಿದರು. ನಾನು ಮೊದಲೇ ಕರಿಯ. ಮೇಕಪ್ಪಿನವನು ನನ್ನ ಮುಖ ನೋಡಿ ಸ್ವಲ್ಪ ಯೋಚನೆ ಮಾಡಿ, ಆಮೇಲೆ ಇನ್ನೊಂದು ಕೈ ಬಳಿದ. ಕರಿಯರೆಲ್ಲ ಒಂದೇ ಕರಿ ಇರಬೇಕಂತೆ, ಕ್ಯಾಮೆರಾಕ್ಕೆ.

ಊರಿನ ಆಂಜನೇಯನ ಗುಡಿಯಲ್ಲಿ ಶೂಟಿಂಗಿಗೆ ಊರವರು ಒಪ್ಪಿರಲಿಲ್ಲ. ಅದಕ್ಕೇ ಕೆರೆ ಏರಿಯ ಪಕ್ಕ, ಗೌಡರ ಜಾಗದಲ್ಲಿ ಅಂಥದ್ದೇ ಒಂದು ಗುಡಿ ಎಬ್ಬಿಸಿದರು. ಎಬ್ಬಿಸಿದರು ಅಂದರೆ ಎಬ್ಬಿಸಿದವರು ನಾವು. ಕಲ್ಲು ನೆಲದಲ್ಲಿ ಹಾರೆ ಹಾಕಿ ಕುಣಿ ತೋಡಿದವನು ಉಚ್ಚಂಗೆಪ್ಪ. ಅಂಗೈ ಬೊಬ್ಬೆ ಎದ್ದು ಒಡೆದು, ಹಾರೆ ಹಿಡಿದಲ್ಲೆಲ್ಲ ಅಂಟುತ್ತಿತ್ತು. ಬೊಂಬು ನಿಲ್ಲಿಸಿದ್ದು, ಪ್ಲೈವುಡ್ ಹೊತ್ತದ್ದು, ಪ್ಲಾಸ್ಟರ್ ಕಲಸಿದ್ದು ನಾವು. ಗೋಡೆಗೆ ಸುಣ್ಣ ಹೊಡೆದು ಕೆಮ್ಮಣ್ಣಿನ ಪಟ್ಟೆ ಎಳೆದು, ಹೊಸ್ತಿಲಿಗೆ ಅರಿಶಿನದ ಬಣ್ಣ ಬಳಿದವಳು ಪಾಪಕ್ಕ. ಒಳಗೇ ಕುಂತು ಬುತ್ತಿ ಉಂಡೆವು. ಬಿಸಿಲು ಏರಿದಾಗ ಒಳಗೇ ಉರುಳಿಕೊಂಡೆವು. ಫೈಬರಿನ ಆಂಜನೇಯ ಬಂದಾಗ ಇಳಿಸಿ, ಹೊತ್ತು, ಒಳಗೆ ನಿಲ್ಲಿಸಿದ್ದೂ ನಾವೇ.

ಆಮೇಲೆ ಸಿನಿಮಾದವರ ಪದ್ಧತಿ ಒಂದಿದೆ. ಮೊದಲ ಶಾಟ್ ತೆಗೆಯುವ ಮುಂಚೆ ದೇವರಿಗೆ ಪೂಜೆ ಆಗಬೇಕು. ಅದಕ್ಕೆ ಊರ ಪೂಜಾರಿಯನ್ನೇ ಕರೆಸಿದರು. ಅವರು ಕಾಯಿ ಒಡೆದರು, ಕರ್ಪೂರ ಹಚ್ಚಿದರು. ಕರ್ಪೂರ ಹತ್ತಿದ್ದೇ ತಡ, ಗುಡಿ ಕಟ್ಟಿದವರೆಲ್ಲ ಮೆಟ್ಟಿಲ ಕೆಳಗೆ ಬಂದುಬಿಟ್ಟಿದ್ದೆವು. ಯಾರೂ ಹೇಳಲಿಲ್ಲ. ನಮ್ಮ ಕಾಲಿಗೇ ಗೊತ್ತಿತ್ತು. ಉಚ್ಚಂಗೆಪ್ಪನ ಸುತ್ತಿಗೆ ಒಳಗೇ ಉಳಿಯಿತು. ಅದನ್ನು ತಂದುಕೊಡಿ ಅಂತ ಅವನು ಪೂಜಾರಿಯನ್ನು ಕೇಳಿದ. ಶೂಟಿಂಗ್ ಮುಗಿಯಲಿ ನೋಡೋಣ ಅಂದರು.

ಇನ್ನು ಪಾಪಕ್ಕ. ಆಕೆ ನನ್ನ ತಾಯಿಯ ಅಕ್ಕ, ಆದರೆ ಕಾಲೋನಿಗೆಲ್ಲ ಪಾಪಕ್ಕ, ನನಗೂ ಅಷ್ಟೇ. ಕಾಲುವೆ ಕೆಳಗಿನ ಗದ್ದೆಗಳಲ್ಲಿ ನಾಟಿ ಹಾಕುವ ಆಳು. ವರ್ಷದಲ್ಲಿ ಅರ್ಧ ಬಗ್ಗಿಯೇ ಇರುತ್ತಾಳೆ, ಆದರೆ ನಾಲಿಗೆ ಮಾತ್ರ ಬಗ್ಗಿದ್ದನ್ನು ನಾನು ಕಂಡಿಲ್ಲ. ಡೈರೆಕ್ಟರು ಆಕೆಯನ್ನು ಗದ್ದೆಯಲ್ಲಿ ನೋಡಿ, ಹೀರೋನ ತಾಯಿಗೆ ಇದೇ ಮುಖ ಬೇಕು ಅಂದಿದ್ದರು. ಒಂದೇ ಮಾತು ಹೇಳಬೇಕು, ಹೀರೋನ ಕೈ ಹಿಡಿದು ಎಲ್ಲರಿಗಿಂತ ಮೊದಲು ಹೊಸ್ತಿಲು ದಾಟಬೇಕು. ಮೊದಲ ದಿನ ಪಾಪಕ್ಕ ತನ್ನ ಹಸಿರು ಸೀರೆ ಉಟ್ಟು, ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಬಂದಳು. ಮಗಳು ಭುವನಾಳ ಮದುವೆಗೆ ಕೊಂಡ ಸೀರೆ ಅದು. ಮ್ಯಾನೇಜರ್ ಕಿರಣ್ ಕುಮಾರ್ ಆಕೆಯನ್ನು ಮೇಲಿಂದ ಕೆಳಗೆ ನೋಡಿ, ಬಡತನ ಕಾಣುತ್ತಿಲ್ಲವಲ್ಲ ಅಮ್ಮಾ ಅಂದ. ಕಾಣದಿದ್ದರೆ ಕನ್ನಡಕ ಹಾಕಿಕೊಳ್ಳಿ ಅಂದಳು ಪಾಪಕ್ಕ. ಆದರೂ ಟೆಂಟಿನ ಹಿಂದೆ ಹೋಗಿ ಸೀರೆ ಬಿಚ್ಚಿ ಅವರು ಕೊಟ್ಟ ಚಿಂದಿ ಉಟ್ಟಳು. ತಲೆಗೆ ಮಣ್ಣು ಉಜ್ಜಿದರು, ಉಜ್ಜಿಸಿಕೊಂಡಳು.

ಯಾಕೆ ಉಜ್ಜಿಸಿಕೊಂಡೆ ಅಂತ ಆಟೋದಲ್ಲಿ ಕೇಳಿದೆ.

“ಆ ಹೊಸ್ತಿಲಾ ಬಳದಾಕಿ ನಾನು, ಓಬುಲೇಶ. ಅದನ್ನ ದಾಟೋದು ನನ್ನ ಮೊಮ್ಮಕ್ಕಳು ಪರದೆ ಮ್ಯಾಲ ನೋಡ್ಲಿ. ಖರೇ ಗುಡ್ಯಾಗ ಆಗಲಿಲ್ಲ, ಸುಳ್ಳ ಗುಡ್ಯಾಗರ ಆಗ್ಲಿ” ಅಂದಳು.

ಈಗ ಗೌಡರು ಸುಳ್ಳ ಗುಡಿಯಲ್ಲೂ ಬೇಡ ಅನ್ನುತ್ತಿದ್ದರು.

ಅನ್ನುತ್ತಿದ್ದರು ಅಂದರೆ ತಪ್ಪಾದೀತು. ಈಗಿನ ಕಾಲದಲ್ಲಿ ಯಾರೂ ಬರಬೇಡಿ ಅನ್ನುವುದಿಲ್ಲ. ಅಂದರೆ ಕೇಸಾಗುತ್ತದೆ. ಎಲ್ಲರ ಕೈಯಲ್ಲೂ ಫೋನು. ಅದಕ್ಕೇ ‘ನನಗೇನೂ ಇಲ್ಲ’ ಅಂತ ಶುರು ಮಾಡುತ್ತಾರೆ. ಅಷ್ಟು ಕಿವಿಗೆ ಬಿದ್ದರೆ ಸಾಕು, ನಾವು ಚಪ್ಪಲಿ ಹುಡುಕಿಕೊಳ್ಳುತ್ತೇವೆ.

ಕಿರಣ್ ಕುಮಾರ್ ಜಾಣ. ಜಾಗ ಗೌಡರದು, ನೀರು ಗೌಡರದು, ಜನರೇಟರ್ ನಿಂತದ್ದು ಗೌಡರ ತೋಟದಲ್ಲಿ. ಆತ ಡೈರೆಕ್ಟರ ಕಿವಿಯಲ್ಲಿ ಏನೋ ಹೇಳಿ ಬಂದು ನಮಗೆ ಸುದ್ದಿ ಮುಟ್ಟಿಸಿದ. ಸಣ್ಣ ಬದಲಾವಣೆ ಅಷ್ಟೇ. ಗುಡಿಯೊಳಗೆ ಹೋಗುವ ಕೇರಿಯವರ ಪಾರ್ಟನ್ನು ಊರವರು ಮಾಡುತ್ತಾರೆ. ಅಡ್ಡ ನಿಲ್ಲುವ ಊರವರ ಪಾರ್ಟನ್ನು ಕಾಲೋನಿಯವರು ಮಾಡಬೇಕು. ಅಡ್ಡ ನಿಲ್ಲುವವರಿಗೆ ಒಳಗೆ ಹೋಗುವ ಕೆಲಸವೇ ಇಲ್ಲವಲ್ಲ, ಯಾರಿಗೂ ತೊಂದರೆಯಿಲ್ಲ.

ಅಲ್ಲೊಬ್ಬರಿಗೂ ಇದು ತಮಾಷೆ ಅನ್ನಿಸಲಿಲ್ಲ. ನಾನು ಸುತ್ತ ಎಲ್ಲರ ಮುಖ ನೋಡಿದೆ. ಡೈರೆಕ್ಟರು ಗಡಿಯಾರ ನೋಡುತ್ತಿದ್ದರು.

ಊರವರು ಒಪ್ಪಲಿಕ್ಕಿಲ್ಲ ಅಂದುಕೊಂಡಿದ್ದೆ. ನಮ್ಮ ಪಾರ್ಟು ಮಾಡಲು ಯಾರು ಬರುತ್ತಾರೆ? ಬಂದರು ನೋಡಿ, ಕುರಿಮಂದೆ ಬಂದ ಹಾಗೆ. ಹೀರೋನ ಹಿಂದೆ ನಿಲ್ಲಬೇಕಲ್ಲ, ಕ್ಯಾಮೆರಾಕ್ಕೆ ಹತ್ತಿರ. ಮಸಿಯ ಡಬ್ಬಿಯ ಮುಂದೆ ಸಾಲು ಹಚ್ಚಿದರು. ನನಗಿನ್ನೂ ಸ್ವಲ್ಪ ಹಚ್ಚಿ ಅಂತ ಕೇಳಿ ಹಚ್ಚಿಸಿಕೊಂಡರು. ತಾಯಿಯ ಪಾರ್ಟು ಗೌಡರ ಸೊಸೆ ನಾಗಲಕ್ಷ್ಮಿಗೆ ಹೋಯಿತು. ಆಕೆಗೆ ಮೂವತ್ತು, ಹೀರೋಗೆ ನಲವತ್ತೈದು. ಸಿನಿಮಾದಲ್ಲಿ ಹೆರಿಗೆ ಹೀಗೂ ಆಗುತ್ತದೆ. ತಲೆಗೆ ಬಿಳಿ ಪುಡಿ ಉದುರಿಸಿದರು.

ನಮಗೆ ಮಸಿ ತೊಳೆಸಿ ಮಡಿಪಂಚೆ ಕೊಟ್ಟರು. ಹಣೆಗೆ ವಿಭೂತಿ, ಹೆಗಲಿಗೆ ಜರಿ ಶಲ್ಯ, ಕೈಗೆ ಕೋಲು. ಪಾಪಕ್ಕನಿಗೆ ರೇಷ್ಮೆ ಸೀರೆ, ಕೊರಳಿಗೆ ಗಿಲೀಟಿನ ಸರ, ಸೊಂಟಕ್ಕೆ ಡಾಬು. ಆಕೆ ಮಾತಾಡಲಿಲ್ಲ. ಪಾಪಕ್ಕ ಮಾತಾಡದಿದ್ದರೆ ನಾವು ಹೆದರುತ್ತೇವೆ. ಮೂಗುತಿ ಸಿಕ್ಕಿಸಲು ಬಂದ ಹೆಣ್ಣುಮಗಳ ಕೈಯನ್ನು ಮೆಲ್ಲಗೆ ಸರಿಸಿ, ಮೂಗು ನನ್ನದೇ ಇರಲಿ ಬಿಡವ್ವ ಅಂದಳು, ಅಷ್ಟೇ.

ಬಟ್ಟೆ ಬದಲಾದ ಮೇಲೆ ಶಾಮಿಯಾನದ ಕೆಳಗೆ ಒಂದು ಚಂದ ನಡೆಯಿತು. ಸಿನಿಮಾದ ಕೆಲಸಗಾರರಿಗೆ ನಮ್ಮಲ್ಲಿ ಯಾರು ಯಾರೆಂದು ಏನು ಗೊತ್ತು? ಅವರು ಬಟ್ಟೆ ನೋಡುವವರು. ನಮಗೆ ಕುರ್ಚಿ ತಂದು ಹಾಕಿದರು. ಪಾಪಕ್ಕನಿಗೆ ಸಾಸರಿನ ಮೇಲೆ ಕಪ್ಪು ಇಟ್ಟು ಟೀ ಕೊಟ್ಟರು. ನಾಗಲಕ್ಷ್ಮಿ ಬಾಯಾರಿ ನೀರಿನ ಡ್ರಮ್ಮಿನ ಹತ್ತಿರ ಬಂದಳು. ಊಟ ಬಡಿಸುವವನು ಆಕೆಯ ಚಿಂದಿ ನೋಡಿ, ಇಲ್ಲಿ ಅಲ್ಲ, ಅಟು ಅಟು ಅಂತ ಕೈ ಬೀಸಿದ. ಅತ್ತ, ಜಾಲಿ ಗಿಡದ ಬುಡದಲ್ಲಿ, ನಮಗೆಂದು ಇಟ್ಟ ಪ್ಲಾಸ್ಟಿಕ್ ಬಿಂದಿಗೆ ಇತ್ತು. ಬೆಳಿಗ್ಗೆಯಿಂದ ನಾವು ಕುಡಿದದ್ದು ಅದರಲ್ಲೇ. ನಾಗಲಕ್ಷ್ಮಿ ಆ ಬಿಂದಿಗೆಯ ತನಕ ಹೋದಳು, ನೋಡಿದಳು, ಕುಡಿಯದೆ ವಾಪಸು ಬಂದಳು. ಬಾಯಾರಿಕೆ ಹಾಗೇ ಇತ್ತು. ಉಚ್ಚಂಗೆಪ್ಪ ಕಾಲ ಮೇಲೆ ಕಾಲು ಹಾಕಲು ನೋಡಿದ. ಅಭ್ಯಾಸ ಇಲ್ಲ, ಪಂಚೆ ಸಿಕ್ಕಿಹಾಕಿಕೊಂಡಿತು.

ಇತ್ತ ಹೀರೋ ಕೊಡೆಯ ಕೆಳಗೆ ಕುಂತು, ಕೊರಳಿಗೆ ಸಣ್ಣ ಫ್ಯಾನು ತೂಗುಹಾಕಿಕೊಂಡು, ಯಾವುದೋ ಚಾನಲ್ಲಿಗೆ ಮಾತಾಡುತ್ತಿದ್ದರು. ಈ ಜನರ ಮಧ್ಯೆ ಬದುಕಿ ಅವರ ನೋವನ್ನು ಮೈಗೆ ಹಚ್ಚಿಕೊಂಡಿದ್ದೇನೆ ಅಂದರು. ಮೈಗೆ ಹಚ್ಚಿಕೊಂಡದ್ದು ನಿಜ, ಗಂಟೆಗೊಮ್ಮೆ ಹೊಸದಾಗಿ ಹಚ್ಚುತ್ತಿದ್ದರು. ಇಳಿದುಕೊಂಡದ್ದು ಬಳ್ಳಾರಿಯ ಹೋಟೆಲಿನಲ್ಲಿ.

ಮೂರು ಗಂಟೆಯ ಮೇಲೆ ನಮ್ಮನ್ನು ಮೆಟ್ಟಿಲು ಹತ್ತಿಸಿದರು. ಮೇಲಿನ ಮೆಟ್ಟಿಲಲ್ಲಿ, ಬಾಗಿಲಿಗೆ ಬೆನ್ನು ಮಾಡಿ ಸಾಲಾಗಿ ನಿಲ್ಲಬೇಕು. ನಡುವೆ ಪಾಪಕ್ಕ. ಎಡಕ್ಕೂ ಬಲಕ್ಕೂ ಆಳುದ್ದದ ಇಳಿಜಾರು, ಕೆಳಗೆ ಏರಿಯ ಕಲ್ಲು. ಹೀರೋ ಬಂದು ತಳ್ಳಿದಾಗ ನಾವು ಆಚೀಚೆ ಉರುಳಬೇಕಂತೆ. ಕೆಳಗೆ ಒಂದು ದಪ್ಪ ಹಾಸಿಗೆ ಹಾಸಿದ್ದರು, ಅದು ಮೆಟ್ಟಿಲ ಮುಂದೆ, ಹೀರೋ ಕಾಲು ಜಾರಿದರೆ ಅಂತ. ನಮ್ಮ ಕಡೆ ಕಲ್ಲೇ ಇತ್ತು.

ಕ್ಯಾಮೆರಾ ಓಡಿತು. ಹೀರೋ ನಾಗಲಕ್ಷ್ಮಿಯ ಕೈ ಹಿಡಿದು ಬಂದರು, ಹಿಂದೆ ಮಸಿ ಬಳಿದ ಊರು. ನಾವು ಬೈಯಬೇಕಿತ್ತು. ಅಸಿಸ್ಟೆಂಟು ಬೈಗುಳ ಬರೆದುಕೊಟ್ಟಿದ್ದ, ಹಳೇ ಕಾಲದ ಜಮೀನ್ದಾರರ ಬೈಗುಳ. ಪಾಪಕ್ಕ ಅದನ್ನು ಹೇಳಲಿಲ್ಲ. ಎರಡೂ ಕೈ ಮುಂದಕ್ಕೆ ಚಾಚಿ, ಸಣ್ಣಗೆ ನಕ್ಕು, ಮೆತ್ತಗಿನ ದನಿಯಲ್ಲಿ ಶುರು ಮಾಡಿದಳು.

“ಯಾಕ್ರವ್ವಾ ಇಷ್ಟ ಬಿಸಲಾಗ ಬಂದ್ರಿ? ನಿಂತಲ್ಲೇ ಕೈ ಮುಗೀರಿ, ದೇವ್ರು ಎಲ್ಲಾ ಕಡಿ ಅದಾನ. ನನಗೇನೂ ಇಲ್ಲ. ನಾಕ ಮಂದಿ ಏನರ ಅಂತಾರ ಅಂತ ಹೇಳ್ತೀನಿ.”

ದನಿ ಪಾಪಕ್ಕನದು, ಆದರೆ ತಲೆ ಅಲ್ಲಾಡಿಸಿದ್ದು, ಶಲ್ಯ ಸರಿಮಾಡುವ ಹಾಗೆ ಸೆರಗು ಸರಿಮಾಡಿದ್ದು ಎಲ್ಲ ಗಂಗಾಧರಪ್ಪ ಗೌಡರದೇ. ಮಸಿ ಬಳಿದ ಊರವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಗೌಡರ ಕಡೆ ನೋಡಿ ಕೆಮ್ಮಿದರು. ಗೌಡರು ಡೈರೆಕ್ಟರ ಪಕ್ಕದ ಕುರ್ಚಿಯಲ್ಲಿದ್ದರು. ಡೈರೆಕ್ಟರಿಗೆ ಏನೂ ತಿಳಿಯಲಿಲ್ಲ. ಸಿಟ್ಟಿಲ್ಲ, ಕೂಗಾಟವಿಲ್ಲ, ಇದೆಂಥ ಅಡ್ಡಿ ಅಂತ ಕೇಳಿದರು. ಈಗೆಲ್ಲ ಹಿಂಗೇ ಸಾರ್ ಅಂದಳು ಪಾಪಕ್ಕ. ಸರಿ, ಮಾತು ಆಮೇಲೆ ಡಬ್ಬಿಂಗಿನಲ್ಲಿ ಹಾಕೋಣ, ಮೊದಲು ಬೀಳಿ ಅಂದರು.

ಹೀರೋ ತಳ್ಳಿದರು. ನಾವು ಬೀಳಲಿಲ್ಲ.

ಮತ್ತೆ ತಳ್ಳಿದರು. ಕೋಲು ಅಡ್ಡ ಹಿಡಿದು ನಿಂತೇ ಇದ್ದೆವು. ನಮ್ಮವು ಮೂಟೆ ಹೊರುವ ಮೈ. ಅವರದು ಕನ್ನಡಿ ಮುಂದೆ ಬೆಳೆಸಿದ ಮೈ, ನೋಡಲು ದೊಡ್ಡದು. ಅವರೇ ಒಂದು ಮೆಟ್ಟಿಲು ಕೆಳಗಿಳಿದರು. ಡೈರೆಕ್ಟರು ಕುರ್ಚಿ ಒದ್ದು ಎದ್ದು ಬಂದರು. ನಿಮಗೆ ನಟನೆ ಬರುವುದಿಲ್ಲವೇ, ಕಥೆಯಲ್ಲಿ ಅವರು ಹೆದರಿ ದಾರಿ ಬಿಡುತ್ತಾರೆ, ಬಿಡಿ ಅಂತ ಕೂಗಿದರು.

ಪಾಪಕ್ಕ ಕೋಲನ್ನು ಕಂಕುಳಲ್ಲಿಟ್ಟು ಕೈ ಮುಗಿದಳು.

“ಹೆಂಗ ಬಿಡ್ತಾರ ಅಂತ ನಮಗ ಗೊತ್ತಿಲ್ರಿ ಸಾರ್. ಹೆಂಗ ನಿಲ್ತಾರ ಅಂತ ನೋಡೀವಿ, ಹಂಗ ನಿಂತೀವಿ. ಬಿಟ್ಟದ್ದನ್ನ ನಾವು ಹುಟ್ಟಿದಾಗಿಂದ ಒಂದ ಸಲನೂ ನೋಡಿಲ್ಲ. ಅಲ್ಲೇ ಗೌಡ್ರು ಅದಾರ. ಅವ್ರನ್ನ ಕೇಳ್ರಿ. ಅವ್ರು ಹೆಂಗ ಹೇಳ್ತಾರೋ ಹಂಗ ಮಾಡ್ತೀವಿ.”

ಡೈರೆಕ್ಟರಿಗೆ ಅದು ಸರಿ ಅನ್ನಿಸಿತು. ಪಾಪ, ಒಳ್ಳೆಯ ಮನುಷ್ಯ. ಗೌಡರ ಕಡೆ ತಿರುಗಿ, ಸಾರ್, ಇವರಿಗೆ ಸ್ವಲ್ಪ ಹೇಳಿಕೊಡಿ, ನಿಮ್ಮವರಾದರೆ ಹೇಗೆ ದಾರಿ ಬಿಡುತ್ತಾರೆ ಅಂತ ಕೇಳಿದರು. ಇಡೀ ಊರು ಗೌಡರ ಬಾಯಿ ನೋಡುತ್ತಿತ್ತು. ಚಾನಲ್ಲಿನವರ ಕ್ಯಾಮೆರಾ ಹೊರಳಿತು. ಉದ್ದನೆಯ ಕೋಲಿಗೆ ಕಟ್ಟಿದ ಮೈಕು ಅವರ ತಲೆಯ ಮೇಲೆ ಬಂದು ನಿಂತಿತು. ಬಿಡುವುದಿಲ್ಲ ಅಂದರೆ ಸುದ್ದಿಯಾಗುತ್ತದೆ. ಬಿಡುತ್ತೇವೆ ಅಂದರೆ ಊರು ಕೇಳಿಸಿಕೊಳ್ಳುತ್ತದೆ.

ಗೌಡರು ಶಲ್ಯ ಸರಿಮಾಡಿಕೊಂಡರು. “ಅದ್ರಾಗೇನೈತಿ? ಹಿಂದಕ್ಕ ಸರದ್ರಾತು” ಅಂದರು.

“ಹಿಂದಕ್ಕೇನ್ರಿ, ಗೌಡ್ರ?”

“ಹೂಂನಬೇ, ಹಿಂದಕ್ಕ. ಎಷ್ಟ ಸಲ ಹೇಳ್ಬೇಕು? ಲಗೂನ ಸರೀರಿ.”

ಕ್ಯಾಮೆರಾ ಮತ್ತೆ ಓಡಿತು. ಹೀರೋ ಬಂದು ತಳ್ಳಿದರು. ಅವರಿಗೆ ಹೆಚ್ಚು ಕಷ್ಟ ಕೊಡಲಿಲ್ಲ. ಗೌಡರು ಹೇಳಿದಂತೆ ನಾವು ಹಿಂದಕ್ಕೆ ಸರಿದೆವು. ಹಿಂದಿದ್ದದ್ದು ಬಾಗಿಲು. ಪಾಪಕ್ಕ ಹಿಮ್ಮುಖವಾಗಿ ಹೋಗುತ್ತ ಹಿಮ್ಮಡಿಯಿಂದ ತಡಕಿ ಹೊಸ್ತಿಲು ಹುಡುಕಿ, ಎಡವದೆ, ಗೌಡರ ಮುಖವನ್ನೇ ನೋಡುತ್ತ ಒಳಗೆ ಹೋದಳು. ಅವಳ ಹಿಂದೆ ಉಚ್ಚಂಗೆಪ್ಪ. ಆಮೇಲೆ ನಾವೆಲ್ಲ.

ಒಳಗೆ ಪ್ಲಾಸ್ಟರಿನ ವಾಸನೆ. ಬೊಂಬಿನ ಸಂದಿಯಿಂದ ಕೆರೆ ಕಾಣುತ್ತಿತ್ತು. ದೇವರಿಗೆ ಮುಂಭಾಗ ಮಾತ್ರ, ಬೆನ್ನು ಟೊಳ್ಳು. ಟೊಳ್ಳಿನೊಳಗೆ ಯಾರೋ ಟೀ ಲೋಟಗಳನ್ನು ಒಂದರೊಳಗೊಂದು ಇಟ್ಟಿದ್ದರು. ಉಚ್ಚಂಗೆಪ್ಪ ಮೂಲೆಯಿಂದ ಸುತ್ತಿಗೆ ಎತ್ತಿಕೊಂಡು, ಧೂಳು ಊದಿ, ಜರಿ ಶಲ್ಯದಲ್ಲಿ ಒರೆಸಿದ. ಐತಪ್ಪ ನನ್ನ ಸುತ್ತಿಗಿ ಅಂತ ನಮಗೆಲ್ಲ ತೋರಿಸಿದ. ನಮಗೆ ನಗು ತಡೆಯಲಾಗಲಿಲ್ಲ. ಗುಡಿಯೊಳಗೆ ಅಷ್ಟು ಜೋರಾಗಿ ನಗಬಾರದೇನೋ, ನಮಗೆ ಪದ್ಧತಿ ಗೊತ್ತಿರಲಿಲ್ಲ.

ಹೊರಗೆ ಗೌಡರು ಎದ್ದು ನಿಂತಿದ್ದರು. ಹೊರಗೆ ಬನ್ನಿ ಅಂತ ಕೂಗಿದರು. ಪಾಪಕ್ಕ ಬಾಗಿಲಿಗೆ ಬಂದು ನಿಂತಳು.

“ಯಾಕ ಬರ್ಬೇಕ್ರಿ ಗೌಡ್ರ? ಕಾರಣ ಹೇಳ್ರಿ, ಬರ್ತೀವಿ.”

ಗೌಡರು ಬಾಯಿ ತೆರೆದರು. ಮೈಕು ಇನ್ನೂ ಅಲ್ಲೇ ಇತ್ತು. ಸುತ್ತ ಫೋನುಗಳು ಮೇಲೆದ್ದಿದ್ದವು.

“ಯಾಕಂದ್ರ... ಯಾಕಂದ್ರ ಏನೈತಿ, ಬೆಳಕ ಹೋಗ್ತೈತಿ” ಅಂದರು.

ಅಲ್ಲಿಗೆ ಆ ಮಾತು ಮುಗಿಯಿತು. ನಾವು ಒಳಗೆ ಬಂದ ಗುಡಿಗೆ ಈಗ ಗೌಡರ ಕಡೆಯವರು ಬರುವಂತಿರಲಿಲ್ಲ. ನಾವು ಮುಟ್ಟಿದ್ದೆವು. ಆದರೆ ಹಾಗಂತ ಹೇಳುವಂತೆಯೂ ಇರಲಿಲ್ಲ. ಗೌಡರು ಸೊಸೆಗೆ ಮನೆಗೆ ನಡೆ ಅಂದರು. ನಾಗಲಕ್ಷ್ಮಿ ಹೀರೋನ ಕಡೆ ನೋಡಿ, ಮಾವನ ಕಡೆ ನೋಡಿ, ಅದು ಬರೇ ಪ್ಲೈವುಡ್ ಅಲ್ಲೇನ್ರಿ ಮಾವ ಅಂತ ಸಣ್ಣ ದನಿಯಲ್ಲಿ ಕೇಳಿದಳು. ಆಕೆಗೆ ಸಿಕ್ಕ ಉತ್ತರ ನನಗೆ ಕೇಳಿಸಲಿಲ್ಲ. ಮಸಿಯ ಮುಖದಲ್ಲೇ ಗಾಡಿಯ ಹಿಂದೆ ಕುಂತು ಹೋದಳು. ಒಬ್ಬೊಬ್ಬರಾಗಿ ಊರವರೂ ಹೋದರು. ಒಬ್ಬರಿಗೆ ಎಮ್ಮೆ ಕರೆಯುವ ಹೊತ್ತು, ಇನ್ನೊಬ್ಬರಿಗೆ ತಲೆನೋವು. ಕಾರಣ ಎಲ್ಲರಿಗೂ ಒಂದೊಂದು ಇತ್ತು, ಅದೊಂದು ಬಿಟ್ಟು.

ಹೀರೋನ ಹಿಂದೆ ಈಗ ಯಾರೂ ಇರಲಿಲ್ಲ. ಹೊತ್ತು ಕೆರೆಯ ಆಚೆ ಇಳಿಯುತ್ತಿತ್ತು. ಹೀರೋ ಮರುದಿನ ಬೇರೆ ಊರಿಗೆ ಹೋಗುವವರು. ಕಿರಣ್ ಕುಮಾರ್ ಓಡಿ ಬಂದ. ಪಾಪಮ್ಮಗಾರು ಅಂದ. ಬೆಳಿಗ್ಗೆ ಏ ಮುದುಕಿ ಅಂದಿದ್ದ. ತಾಯಿಯ ಪಾರ್ಟು ನಿಮ್ಮದೇ, ಎಲ್ಲರೂ ಬೇಗ ಬಟ್ಟೆ ಬದಲಿಸಿ, ಮಸಿ ಹಚ್ಚಿಸಿಕೊಳ್ಳಿ ಅಂದ. ಅಡ್ಡ ನಿಲ್ಲುವವರ ಮುಖ ಮೊದಲೇ ತೆಗೆದಾಗಿದೆ, ಜೋಡಿಸಿಕೊಳ್ಳುತ್ತೇವೆ ಅಂದ. ಆ ಮುಖಗಳೂ ನಮ್ಮವೇ ಅನ್ನುವುದನ್ನು ನಾವು ನೆನಪಿಸಲಿಲ್ಲ.

ಪಾಪಕ್ಕ ಟೆಂಟಿನ ಹಿಂದೆ ಹೋದಳು. ರೇಷ್ಮೆ, ಸರ, ಡಾಬು ಎಲ್ಲ ಬಿಚ್ಚಿಟ್ಟು, ಬೆಳಿಗ್ಗೆ ಮನೆಯಿಂದ ಉಟ್ಟು ಬಂದಿದ್ದ ತನ್ನ ಹಸಿರು ಸೀರೆಯನ್ನೇ ಉಟ್ಟು ಬಂದಳು. ತಲೆಯಲ್ಲಿ ಉಳಿದಿದ್ದ ಮಣ್ಣನ್ನೂ ತೊಳೆದು, ಒದ್ದೆ ಕೂದಲನ್ನು ಗಂಟು ಹಾಕಿದ್ದಳು. ಮಸಿಯ ಡಬ್ಬಿ ಹಿಡಿದು ನಿಂತವನನ್ನು ದಾಟಿಕೊಂಡು ನೇರ ಮೆಟ್ಟಿಲ ಬುಡಕ್ಕೆ ಬಂದಳು. ನಾವೂ ನಮ್ಮ ನಮ್ಮ ಅಂಗಿ ಹಾಕಿಕೊಂಡೆವು. ಡೈರೆಕ್ಟರು ತಲೆ ಹಿಡಿದುಕೊಂಡರು. ಇವರು ಕೇರಿಯವರು ಅಂತ ಪ್ರೇಕ್ಷಕರಿಗೆ ತಿಳಿಯಬೇಡವೇ, ಆ ಚಿಂದಿ ಸೀರೆಯೇ ಬೇಕು ಅಂದರು.

“ಗುಡಿಗಿ ಹೋಗಾಕ ಯಾರರ ಹರಕ ಸೀರಿ ಉಡ್ತಾರೇನ್ರಿ ಸಾರ್? ನಿಮ್ಮ ತಾಯಾರು ಉಡ್ತಾರ?”

ಡೈರೆಕ್ಟರು ಸೂರ್ಯನ ಕಡೆ ನೋಡಿದರು. ಹೋಗಿ ಕುರ್ಚಿಯಲ್ಲಿ ಕುಂತರು.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಊರ ಆಂಜನೇಯನ ಗುಡಿ ಇವತ್ತಿಗೂ ಹಾಗೇ ಇದೆ. ನಾವು ಅದರ ಎದುರಿನ ಬೇವಿನ ಗಿಡದ ಹತ್ತಿರವೇ ನಿಲ್ಲುತ್ತೇವೆ, ಗೌಡರಿಗೆ ಇವತ್ತಿಗೂ ಏನೂ ಇಲ್ಲ. ಏನೋ ಆಗಿಹೋಯಿತು ಅಂತ ತಿಳಿಯಬೇಡಿ. ಆದರೆ ಆ ಸಂಜೆಯದನ್ನು ಹೇಳದೆ ಇರಲು ನನ್ನಿಂದ ಆಗುವುದಿಲ್ಲ.

ಹೀರೋ ಬಂದು ಪಾಪಕ್ಕನ ಪಕ್ಕ ನಿಂತರು. ಬಿಸಿಲಿಗೆ ಅವರ ಬಣ್ಣ ಕರಗಿ ಕೈಯೆಲ್ಲ ಜಿಗುಟಾಗಿತ್ತು. ಕಿರಣ್ ಕುಮಾರ್ ಕಡೆಯ ಸಲ ಹತ್ತಿರ ಬಂದ.

“ಅಮ್ಮಾ, ಹೀರೋಗಾರು ಕೈ ಹಿಡಕೊಂಡು ಕರ್ಕೊಂಡು ಹೋಗ್ತಾರೆ. ನೀವು ಸುಮ್ಮನೆ ಅವರ ಹಿಂದೆ ಬರಬೇಕು. ಅಷ್ಟು ಮಾಡಿ ಸಾಕು.”

“ನೋಡಾಣ ತಮ್ಮಾ” ಅಂದಳು ಪಾಪಕ್ಕ.

ಕ್ಯಾಮೆರಾ ಓಡಿತು. ಹೀರೋ ಅವಳ ಮಣಿಕಟ್ಟು ಹಿಡಿದು ಮೆಟ್ಟಿಲು ಹತ್ತಿದರು, ಹಿಂದೆ ನಾವು. ಮೇಲಿನ ಮೆಟ್ಟಿಲಿಗೆ ಬಂದಾಗ ಪಾಪಕ್ಕ ನಿಂತಳು. ತನ್ನ ಮಣಿಕಟ್ಟಿನ ಮೇಲಿದ್ದ ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಅವು ಇದ್ದ ಜಾಗದಲ್ಲಿ ಕಪ್ಪು ಬಣ್ಣ ಮೆತ್ತಿಕೊಂಡಿತ್ತು. ಅದನ್ನು ಸುಣ್ಣದ ಚೌಕಟ್ಟಿಗೆ ಒರೆಸಿ, ಹೊಸ್ತಿಲು ದಾಟಿ ಒಳಗೆ ಹೋದಳು.